ಜಮಖಾನದ ಮೇಲೆ ಕುಳಿತ ವರ್ಷ

ನಾನು ಪಂಚರ ಜಾಗಕ್ಕೆ ನಿಂತದ್ದು ಬಸ್ತಿಯ ಉದ್ಧಾರಕ್ಕಲ್ಲ, ಮೊಮ್ಮಗಳನ್ನು ಉಳಿಸಿಕೊಳ್ಳಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಗಸೊಬ್ಬಳು ಗಂಡಸರ ಎದುರು ನಿಂತು ಗೆದ್ದಳು ಎಂದು ಈಗಲೂ ಕೆಲವರು ಹೊಗಳುತ್ತಾರೆ. ಹೊಗಳಿಕೆ ತೆಗೆದುಕೊಂಡು ನಾನು ಏನು ಮಾಡಲಿ?

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ, ಹಳಿಯ ಪಕ್ಕ, ನಮ್ಮ ಕಡೆಯವರ ಬಸ್ತಿ ಇದೆ. ಯಾದಗಿರಿ, ಸೇಡಂ ಕಡೆಯಿಂದ ದುಡಿಯಲು ಬಂದವರು. ಗಂಡಸರಿಗೆ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ. ಹೆಂಗಸರು ಇಟ್ಟಿಗೆ ಹೊರುತ್ತಾರೆ, ಇಲ್ಲವೇ ರೈಲ್ವೆಯವರ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾರೆ. ಹೊರಗೆ ಹೋದರೆ ತೆಲುಗು, ಹಿಂದಿ. ಒಳಗೆ ಬಂದರೆ ಕನ್ನಡದಲ್ಲಿ ಜಗಳ. ಆ ಜಗಳವನ್ನು ಯಾರೂ ಪೊಲೀಸ್ ಠಾಣೆಗೆ ಒಯ್ಯುವುದಿಲ್ಲ. ಮೂವರು ಪಂಚರಿದ್ದಾರೆ. ಭಾನುವಾರ ಸಂಜೆ ನೀರಿನ ಟಾಕಿಯ ಮುಂದೆ ಜಮಖಾನ ಹಾಸಿ ಕುಳಿತುಕೊಳ್ಳುತ್ತಾರೆ. ಇಬ್ಬರು ಮೊದಲು ಬಂದು ನೆಲೆಸಿದ ಮನೆತನಗಳ ಹಿರಿಯರು. ಮೂರನೆಯವರನ್ನು ಮಾತ್ರ ಬಸ್ತಿಯ ಮನೆಗಳು ದೀಪಾವಳಿಯಿಂದ ದೀಪಾವಳಿಗೆ ಆರಿಸುತ್ತವೆ. ಮೂವರೂ ಹೇಳಿದ್ದೇ ತೀರ್ಪು. ರೈಲು ಬಂದರೆ ಎಲ್ಲರೂ ಅರ್ಧ ಮಾತಿಗೇ ಬಾಯಿ ಮುಚ್ಚುತ್ತಾರೆ. ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾರೆ. ಬೈಗುಳವಾದರೂ ಅಷ್ಟೇ.

ನನ್ನ ಮಗಳು ಈ ಬಸ್ತಿಗೆ ಸೊಸೆಯಾಗಿ ಬಂದವಳು. ಕಾಮಾಲೆ ಆಯಿತು. ಮೊದಲು ಸೊಪ್ಪಿನ ರಸ ಕುಡಿಸಿದರು, ಆಮೇಲೆ ದವಾಖಾನೆಗೆ ಹಾಕಿದರು, ಸತ್ತಳು. ಅವಳ ಮಣ್ಣಿಗೆಂದು ಬಂದ ನಾನು ಇಲ್ಲೇ ಉಳಿದೆ. ಊರಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ, ಇಲ್ಲಿ ಅವಳ ಕೂಸಿಗೆ ಅನ್ನ ಹಾಕುವವರು ಇರಲಿಲ್ಲ. ಅಳಿಯ ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆ ಮಾಡಿಕೊಂಡು ಶಂಶಾಬಾದ್ ಕಡೆಗೆ ಹೋದ. ಅಲ್ಲಿ ವಿಮಾನ ನಿಲ್ದಾಣದ ಸುತ್ತ ದೊಡ್ಡ ದೊಡ್ಡ ಕಟ್ಟಡ ಏಳುತ್ತಿದ್ದವು, ಕೆಲಸ ಇತ್ತು. ಕೂಸನ್ನು ನನ್ನ ಹತ್ತಿರ ಬಿಟ್ಟ. ಬಿಟ್ಟ ಎನ್ನುವುದಕ್ಕಿಂತ ಮರೆತ ಎಂದರೆ ಸರಿ.

ನಾನು ನಾಲ್ಕು ಮನೆ ಪಾತ್ರೆ ತಿಕ್ಕಿ ಅವಳನ್ನು ಸರ್ಕಾರಿ ಶಾಲೆಗೆ ಹಾಕಿದೆ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ನನ್ನನ್ನು ದಾಟಿ ಮೂರನೆಯದಕ್ಕೆ ಹೋದಳು. ದಾರಿಯಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳನ್ನೆಲ್ಲ ತೆಲುಗಿನಲ್ಲಿ ಓದಿ ಹೇಳುತ್ತಿದ್ದಳು. ಸುಮ್ಮನಿರು ಎಂದರೂ ಓದುತ್ತಿದ್ದಳು.

ಅಷ್ಟರಲ್ಲಿ ಅಳಿಯನ ಎರಡನೆಯ ಹೆಂಡತಿ ಹಡೆದಳು. ಅವಳೂ ಕೆಲಸಕ್ಕೆ ಹೋಗಬೇಕು. ಹೊಸ ಕೂಸನ್ನು ಆಡಿಸಲು ಯಾರಾದರೂ ಬೇಕು. ಆಗ ಅವನಿಗೆ ಮೊದಲ ಮಗಳ ನೆನಪಾಯಿತು.

ಬಂದು ಬಾಗಿಲಲ್ಲೇ ನಿಂತು, "ಅತ್ತಿ, ಪೋರಿನ ಕರಕೊಂಡು ಹೋಗ್ತೀನ್ರಿ," ಎಂದ.

"ಯಾಕ?"

"ಯಾಕಂದ್ರ? ನನ್ನ ಮಗಳಲ್ಲೇನ್ರಿ?"

"ಇಷ್ಟ್ ದಿನ ಯಾರ ಮಗಳಿದ್ದಳು?"

ಅವನು ಕೆಟ್ಟವನಲ್ಲ, ಹೆಂಡತಿ ಹೇಳಿ ಕಳಿಸಿದ್ದಳು. "ಸಿಟ್ಟ್ ಮಾಡಬ್ಯಾಡ್ರಿ. ಪಂಚರ ಮುಂದ ಮಾತಾಡೋಣು," ಎಂದು ಹೋದ.

ಆಗ ಪಂಚರಲ್ಲಿ ಮೂರನೆಯ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಕೂರುತ್ತಿದ್ದವನಿಗೆ ಲಕ್ವ ಹೊಡೆದು, ಮಗ ಸೇಡಂಗೆ ಕರೆದೊಯ್ದಿದ್ದ. ಅವನ ಜಾಗಕ್ಕೆ ನಿಂತವನು ಒಬ್ಬ ವಕೀಲರ ಗುಮಾಸ್ತ. ಸಿಟಿಯ ಕೋರ್ಟಿನಲ್ಲಿ ವಕೀಲರ ಕಾಗದ ಹಿಡಿದು ಓಡಾಡುವವನು. ಬಸ್ತಿಯಲ್ಲಿ ಅವನನ್ನು ವಕೀಲಸಾಬ ಎಂದೇ ಕರೆಯುತ್ತಿದ್ದರು. ನ್ಯಾಯ ಹೇಳಲು ಇಂಥವನೇ ಬೇಕು ಎಂದು ಗಂಡಸರ ಮಾತು.

ನಾನು ಲೆಕ್ಕ ಹಾಕಿದೆ. ಪಂಚರು ಮೂವರು. ಒಂದು ಜಾಗದಲ್ಲಿ ನಾನೇ ಕುಳಿತರೆ ಮೊಮ್ಮಗಳನ್ನು ಯಾರು ಒಯ್ಯುತ್ತಾರೆ? ನನ್ನ ತಲೆಗೆ ಹೊಳೆದದ್ದು ಇಷ್ಟೇ. ಬಸ್ತಿಗೆ ಬಂದು ಐದಾರು ವರ್ಷವಷ್ಟೇ ಆಗಿತ್ತು. ಅಲ್ಲಿಯ ರಿವಾಜುಗಳನ್ನು ಹೊರಗಿನಿಂದ ನೋಡಿದ್ದೆ, ಒಳಗಿನಿಂದ ಗೊತ್ತಿರಲಿಲ್ಲ.

ನಾನು ನಿಲ್ಲುತ್ತೇನೆ ಎಂದ ದಿನ ಚಹಾ ಅಂಗಡಿಯ ಮುಂದೆ ನಕ್ಕರು. ಸೆಂಟ್ರಿಂಗ್ ಮಾಡುವ ಒಬ್ಬ ಕೂಗಿದ: "ಆಯಿ ಜಡ್ಜ್ ಆಗ್ತಾಳಂತ್ರೋ. ಕರೀ ಕೋಟ್ ಹೊಲಿಸ್ರಿ."

"ನನ್ನ ಕೋಟಿನ ಚಿಂತಿ ಬಿಡೋ ತಮ್ಮಾ," ಎಂದೆ. "ಸುಲ್ತಾನ್ ಬಜಾರಕ್ಕ ಹೋಗಿ ನಿನ್ನ ಹೆಂಡತಿಗೆ ಒಂದು ಕುಬಸದ ಅರಿವಿ ತಾ. ಹರಕ ಕುಬಸ ಮುಚ್ಚಾಕ ಅಕಿ ಸುಡು ಬಿಸಿಲಾಗೂ ಚಾದರ ಹೊದ್ದಾಳ."

ಆಮೇಲೆ ಅವನು ನಗಲಿಲ್ಲ, ಬೇರೆಯವರು ನಕ್ಕರು.

ನಾನು ಯಾರ ಮನೆಗೂ ಹೋಗಿ ಕೈ ಮುಗಿಯಲಿಲ್ಲ. ನಲ್ಲಿಯ ಹತ್ತಿರ ನಿಂತೆ, ಅಷ್ಟೇ. ಅಲ್ಲಿ ಹೆಂಗಸರ ಸರದಿ ಜಗಳ ಬಂದಾಗಲೆಲ್ಲ ಮೊದಲಿನಿಂದಲೂ ನಾನೇ ಬಿಡಿಸುತ್ತಿದ್ದೆ. ನನ್ನ ಬಾಯಿ ಜೋರು, ಕೊಡವೂ ಕೈಯಲ್ಲೇ ಇರುತ್ತಿತ್ತು. "ಗಂಡಸ್ರು ಜಮಖಾನದ ಮ್ಯಾಲ ಕುಂತು ನಿಮ್ಮ ಮನಿ ಮಾತು ಹೇಳ್ತಾರ. ನೀವು ದೂರ ನಿಂತು ಸೆರಗು ಕಡೀತೀರಿ," ಎಂದೆ. "ಒಬ್ಬಾಕಿ ಅಲ್ಲಿ ಕುಂಡ್ರಲಿ, ಏನ್ ಆಗತೈತಿ ನೋಡೋಣು." ಹೇಳಿದ್ದು ಸುಳ್ಳಲ್ಲ. ಆದರೆ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದವಳು ಅವರಲ್ಲಿ ಯಾರೂ ಅಲ್ಲ.

ಆರಿಸುವ ಭಾನುವಾರದ ಹಿಂದಿನ ದಿನ ಗುಮಾಸ್ತ ನನ್ನ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ದೊಡ್ಡವ್ವಾ, ಈ ಸಲ ನಿಂದ್ರಬ್ಯಾಡ್ರಿ," ಎಂದ. "ನಿಮ್ಮ ಮನಿ ಮಾತು ಇನ್ನೂ ಬಾಕಿ ಐತಿ. ಅದು ಮೊದಲು ತೀರಲಿ. ಬರೂ ವರ್ಷ ನೀವ ನಿಂದ್ರಿ, ನಾ ಅಡ್ಡ ಬರೂದಿಲ್ಲ."

"ಅಂಜಿದ್ಯೇನು?"

"ನಿಮ್ಮ ಸಲುವಾಗಿ ಹೇಳಾಕತ್ತೀನ್ರಿ."

"ನನ್ನ ಸಲುವಾಗಿ ನಾ ಅದೀನಿ. ನಡಿ."

ಎದುರಿಗೆ ನಿಂತವನು ಬಂದು ನಿಲ್ಲಬೇಡ ಎಂದರೆ ಯಾರು ನಂಬುತ್ತಾರೆ? ಅವನು ಇನ್ನೂ ಏನೋ ಹೇಳುವವನಿದ್ದ. ನಾನು ಬಾಗಿಲು ಹಾಕಿದೆ.

ಆರಿಸುವ ಕ್ರಮ ಹೀಗೆ. ನಿಂತವರು ಟಾಕಿಯ ಮುಂದೆ ಒಂದೊಂದು ತಾಟು ಇಟ್ಟುಕೊಂಡು ಕೂರಬೇಕು. ಪ್ರತಿ ಮನೆಯಿಂದ ಒಬ್ಬರು ಬಂದು, ಬೇಕಾದವರ ತಾಟಿನಲ್ಲಿ ಎಲೆ ಅಡಿಕೆ ಇಡಬೇಕು. ಯಾರ ತಾಟು ತುಂಬುತ್ತದೋ ಅವರು ಅದರಿಂದ ಒಂದು ವೀಳ್ಯ ತಿಂದು ಜಮಖಾನ ಏರಬೇಕು. ಸಾಮಾನ್ಯವಾಗಿ ಬರುವವರು ಗಂಡಸರು. ಅವತ್ತು ಎಷ್ಟೋ ಗಂಡಸರು ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗಿದ್ದರು. ಕಾಂಕ್ರೀಟ್ ಕಲಸಲು ಶುರು ಮಾಡಿದ ಮೇಲೆ ನಡುವೆ ಬಿಟ್ಟು ಬರಲಾಗದು. ಅವರ ಹೆಂಡಂದಿರು ಎಲೆ ಹಿಡಿದು ಬಂದರು. ಕುಬಸದ ಮಾತು ಬಂದಿತ್ತಲ್ಲ, ಅವಳೂ ಬಂದಳು, ಚಾದರ ಹೊದ್ದುಕೊಂಡೇ. ನನ್ನ ತಾಟು ತುಂಬಿತು. ನಾನು ವೀಳ್ಯ ತಿಂದೆ. ಜಮಖಾನದ ಮೇಲೆ ಕುಳಿತಾಗ ಮೊಣಕಾಲು ನೋಯುತ್ತಿತ್ತು. ಕೂಸು ಟಾಕಿಯ ಹತ್ತಿರ ನಿಂತು ನಗುತ್ತಿತ್ತು. ಇನ್ನು ಇವಳನ್ನು ಯಾರೂ ಮುಟ್ಟುವುದಿಲ್ಲ ಎಂದುಕೊಂಡೆ.

ಮೊದಲ ಕೆಲವು ವಾರ ಚೆನ್ನಾಗಿಯೇ ಹೋದವು. ಬಚ್ಚಲು ನೀರಿನ ಜಗಳ ಒಂದು. ಕುಡಿದು ಹೆಂಡತಿಯನ್ನು ಹೊಡೆಯುವ ಮೂಲೆ ಮನೆಯವನದು ಒಂದು. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ, ಆದರೆ ಅವನು ಹೊಡೆಯುವುದನ್ನು ಬಿಟ್ಟ.

ಆಮೇಲೆ ಅಳಿಯ ಬಂದ. ಹೊಸ ಅಂಗಿ ಹಾಕಿಕೊಂಡು, ತನ್ನ ಚಿಕ್ಕಪ್ಪನನ್ನು ಕರೆದುಕೊಂಡು ಬಂದ. ಮಗಳನ್ನು ಕೊಡಿಸಬೇಕು ಎಂದು ಕೇಳಿದ. ನಾನು ಬಾಯಿ ತೆರೆದೆ. ಪಂಚರಲ್ಲಿ ಎಲ್ಲರಿಗಿಂತ ಹಿರಿಯ, ಹಲ್ಲೆಲ್ಲ ಬಿದ್ದ ಮುದುಕ, ನನ್ನ ಕಡೆ ಕೈ ಎತ್ತಿದ.

"ತಂಗೀ, ನೀ ಮಾತಾಡೂ ಹಂಗಿಲ್ಲ."

"ಯಾಕಣ್ಣಾ? ನನ್ನ ಮೊಮ್ಮಗಳ ಮಾತದು."

"ಅದಕ್ಕ. ಜಮಖಾನದ ಮ್ಯಾಲ ಕುಂತವರು ತಮ್ಮ ಮನಿ ಮಾತಿಗೆ ಬಾಯಿ ಬಿಡಬಾರದು. ಹಿಂದ ಒಬ್ಬಂವ ತನ್ನ ಮಗನ ಪರವಾಗಿ ಮಾತಾಡಿ ಬಸ್ತಿ ಎರಡಾಗಿತ್ತು. ಅವತ್ತಿನಿಂದ ಇದು ನಡಕೊಂಡ್ ಬಂದೈತಿ. ನಿನ್ನ ಮನಿಯವರು ಬ್ಯಾರೆ ಯಾರರ ಮಾತಾಡ್ಲಿ."

"ನನ್ನ ಮನ್ಯಾಗ ಬ್ಯಾರೆ ಯಾರದಾರ?"

ಗುಂಪಿನಲ್ಲಿದ್ದ ಗುಮಾಸ್ತ ಎದ್ದು ನಿಂತ. "ದೊಡ್ಡವ್ವನ ಪರವಾಗಿ ನಾ ಮಾತಾಡ್ತೀನ್ರಿ ಮುತ್ಯಾ," ಎಂದ. ಮನೆಯವರಲ್ಲದವರಿಗೆ ಆ ಹಕ್ಕಿಲ್ಲ ಎಂದು ಅವನನ್ನೂ ಕೂರಿಸಿದರು. ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ಏನೋ ಅಂದಳು. ಅವಳ ಗಂಡ ತಿರುಗಿ ನೋಡಿದ.

"ಹಂಗಾದ್ರ ನಾ ಜಮಖಾನ ಬಿಟ್ಟೆ," ಎಂದು ಎದ್ದೆ.

"ವೀಳ್ಯ ತಿಂದಿ. ದೀಪಾವಳಿ ತನಕ ಬಿಡೂ ಹಂಗಿಲ್ಲ," ಎಂದ ಮುದುಕ. "ತಮ್ಮ ಜಗಳ ಬಂದಾಗೆಲ್ಲ ಎದ್ದು ಹೋದ್ರ ಇಲ್ಲಿ ಯಾರು ಕುಂಡ್ರತಾರ, ನೀನ ಹೇಳು."

ಅವನು ದ್ವೇಷದಿಂದ ಹೇಳಲಿಲ್ಲ. ಅದೇ ಕಷ್ಟ. ದ್ವೇಷವಿದ್ದರೆ ನಾನು ಬಯ್ಯಬಹುದಿತ್ತು. ಬೇರೆ ಯಾರದೋ ಮಾತಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ನಾನು ಮತ್ತೆ ಕುಳಿತೆ.

ಅಳಿಯ ಹೇಳಿದ: ನಾನು ತಂದೆ, ಗಳಿಸುತ್ತೇನೆ, ಶಾಲೆಗೆ ಹಾಕುತ್ತೇನೆ, ಅತ್ತೆಗೆ ವಯಸ್ಸಾಯಿತು, ನಾಳೆ ಅವರು ಹೋದರೆ ಕೂಸು ಯಾರ ಕೈಯಲ್ಲಿ? ಕೊನೆಯ ಮಾತು ಸುಳ್ಳಲ್ಲ. ಅದನ್ನು ನಾನೂ ಎಷ್ಟೋ ಸಲ ಯೋಚಿಸಿದ್ದೆ. ಆದರೆ ಶಾಲೆಗೆ ಹಾಕುತ್ತೇನೆ ಎಂದಾಗ, ತೊಟ್ಟಿಲು ತೂಗುವವರು ಯಾರು ಎಂದು ಕೇಳಬೇಕಿತ್ತು. ಆ ಒಂದು ಮಾತನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ನನ್ನ ಬಾಯಿಗೆ ನಾನೇ ಎಲೆ ಅಡಿಕೆ ತುಂಬಿಕೊಂಡಿದ್ದೆ.

ಮುದುಕ ಕೂಸನ್ನು ಕರೆದು, "ಅಪ್ಪನ ಕೂಡ ಹೋಗ್ತೀಯೇನವಾ?" ಎಂದು ಕೇಳಿದ. ಆಗಲೇ ರೈಲು ಬಂತು. ರೈಲು ಹೋಗುವ ತನಕ ಕೂಸು ನನ್ನ ಮುಖ ನೋಡುತ್ತಿತ್ತು. ಕಣ್ಣು ಆಡಿಸುವುದೂ ಮಾತಾಡಿದಂತೆಯೇ ಎಂದು ನಾನು ಕೆಳಗೆ ನೋಡಿದೆ.

ರೈಲು ದಾಟಿದ ಮೇಲೆ ಅವಳು ಅಪ್ಪನನ್ನು ಕೇಳಿದಳು: "ಅಲ್ಲಿ ವಿಮಾನ ಕಾಣತಾವೇನು?"

"ಮನಿ ಮ್ಯಾಲಿಂದನ ಹೋಗತಾವ," ಎಂದ.

"ಹಂಗಾದ್ರ ಬರ್ತೀನಿ. ಐತವಾರ ಆಯಿ ಹತ್ರ ತಿರುಗಿ ಬಿಡು."

ಎಲ್ಲರೂ ನಕ್ಕರು. ಉಳಿದ ಇಬ್ಬರು ಪಂಚರು ಕೂಸು ಅಪ್ಪನಿಗೆ ಎಂದರು, ತೀರ್ಪಾಯಿತು. ಗೆದ್ದವರ ಕೈಗೆ ವೀಳ್ಯ ಕೊಡುವುದು ಬಸ್ತಿ ಆರಿಸಿದ ಪಂಚರ ಕೆಲಸ. ಹಿಂದಿನ ವಾರಗಳಲ್ಲಿ ನಾನೇ ಕೊಟ್ಟಿದ್ದೆ. ಅವತ್ತೂ ನಾನೇ ಕೊಟ್ಟೆ. ಅಳಿಯ ಎರಡೂ ಕೈ ಚಾಚಿ ತೆಗೆದುಕೊಂಡು ಕಾಲಿಗೆ ಬಿದ್ದ.

ಮರುದಿನ ಗುಮಾಸ್ತನ ಮನೆಗೆ ಹೋದೆ. ಕೋರ್ಟಿನಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. "ಹಾಕಬಹುದ್ರಿ," ಎಂದ. "ಆದ್ರ ಅಪ್ಪ ಗಟ್ಟಿ ಅದಾನ, ಗಳಸ್ತಾನ. ಕೋರ್ಟೂ ಮೊದಲು ಅವನ ಕಡೀನ ನೋಡತೈತಿ. ವರ್ಷಗಟ್ಟಲೆ ನಡೀತೈತಿ." ಅವತ್ತೇ ಹೇಳಿದ್ದೆನಲ್ಲ ಎಂದು ಅವನು ಒಂದು ಮಾತೂ ಆಡಲಿಲ್ಲ. ಅವನ ಹೆಂಡತಿ ಚಹಾ ಕೊಟ್ಟಳು, ಕುಡಿದು ಬಂದೆ.

ದೀಪಾವಳಿ ತನಕ ಜಮಖಾನದ ಮೇಲೆ ಕುಳಿತೆ. ಬೇರೆಯವರ ಮಾತು ತೀರಿಸಿದೆ. ತೀರಿದ ಮಾತನ್ನು ಮತ್ತೆ ಎತ್ತಿಕೊಂಡು ಬಂದವರನ್ನು, ಅದು ಮುಗಿಯಿತು ಎಂದು ನಾನೇ ತಿರುಗಿ ಕಳಿಸಿದೆ. ಹಾಗಾಗಿ ಜಮಖಾನ ಬಿಟ್ಟ ಮೇಲೆ ನನ್ನ ಮಾತನ್ನು ಎತ್ತಲು ನನಗೆ ದಾರಿ ಉಳಿಯಲಿಲ್ಲ.

ಐತವಾರ ಬಿಡು ಎಂದಿದ್ದ ಮೊಮ್ಮಗಳನ್ನು ಅಳಿಯ ಒಂದು ಭಾನುವಾರವೂ ಕರೆತರಲಿಲ್ಲ. ದೀಪಾವಳಿಗೆ ಸ್ವಲ್ಪ ಮೊದಲು ನಾನೇ ಬಸ್ಸು ಹತ್ತಿ ಶಂಶಾಬಾದಿಗೆ ಹೋದೆ. ಅರ್ಧ ಕಟ್ಟಿದ ಕಟ್ಟಡದ ಹಿಂದೆ ತಗಡಿನ ಮನೆಗಳು. ಮೊಮ್ಮಗಳು ಹೊರಗೆ ನಿಂತಿದ್ದಳು, ಸೊಂಟದ ಮೇಲೆ ಸಣ್ಣ ಕೂಸು. ಎಣ್ಣೆ ಹಚ್ಚಿ ಜಡೆ ಹಾಕಿದ್ದರು, ಮೈ ತುಂಬಿಕೊಂಡಿದ್ದಳು. ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ, ಅದನ್ನು ಹೇಳಬೇಕು. ಮಧ್ಯಾಹ್ನದ ಹೊತ್ತು, ಶಾಲೆ ನಡೆಯುವ ದಿನ.

"ಸಾಲಿ?" ಎಂದೆ.

"ಇದು ಅಳತೈತಿ," ಎಂದು ಕೂಸನ್ನು ತೋರಿಸಿದಳು. ಆಮೇಲೆ ಹತ್ತಿರ ಬಂದು, "ಆಯಿ, ನೀ ಪಂಚ್ರಲ್ಲೇನು? ಮೂಲಿ ಮನಿ ಕಾಕಾಗ ಹೊಡಿಬ್ಯಾಡ ಅಂದಿ, ಅಂವ ಬಿಟ್ಟ. ಅಪ್ಪಗೂ ಸಾಲಿಗೆ ಕಳ್ಸು ಅಂತ ಹೇಳು," ಎಂದಳು.

ಅಳಿಯ ಊಟಕ್ಕೆ ಬಂದಾಗ ಹೇಳಿದೆ. ಪಂಚಳಾಗಿ ಅಲ್ಲ, ಅತ್ತೆಯಾಗಿ. ತಂಬಿಗೆ ಹಿಡಿದು ಕೈ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. "ಬರೂ ವರ್ಷ ಹಾಕ್ತೀನ್ರಿ ಅತ್ತಿ. ಸಣ್ಣದು ನಡ್ಯಾಕ ಕಲೀಲಿ," ಎಂದ. ಒಳಗಿನಿಂದ ಅವನ ಹೆಂಡತಿ ಮತ್ತೆ ಬಸುರಿ ಹೊಟ್ಟೆ ಹೊತ್ತು ಹೊರಗೆ ಬಂದು ನನಗೂ ಒಂದು ತಾಟು ಇಟ್ಟಳು.

ಊಟವಾದ ಮೇಲೆ ಮೊಮ್ಮಗಳು ರಸ್ತೆಯ ತನಕ ನನ್ನ ಜೊತೆ ಬಂದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ?"

"ಬರೂ ವರ್ಷ ಅಂದ."

ಅವಳು ಕೂಸನ್ನು ಆ ಸೊಂಟದಿಂದ ಈ ಸೊಂಟಕ್ಕೆ ಹಾಕಿಕೊಂಡಳು. ದೊಡ್ಡ ಹೆಂಗಸರು ಹಾಕಿಕೊಳ್ಳುವ ಹಾಗೆ, ನೋಡದೆಯೇ. "ಬಸ್ ಬಂತು, ಹತ್ತು ಆಯಿ," ಎಂದಳು.