ಚರಗದ ಜೊತೆ ಹಾರಿದ ಉಂಗುರ

ನನ್ನ ಹತ್ತಿರ ಲೋಹ ಹುಡುಕುವ ಯಂತ್ರ ಇದೆ ಎಂದು ಗೊತ್ತಾದರೆ ಸಾಕು, ವಾಡಿಯಲ್ಲಿ ಜನ ಮೊದಲು ಕೇಳುವುದು ನಿಧಿ ಸಿಕ್ಕಿತಾ ಎಂದು. ಸಿಕ್ಕಿದ್ದರೆ ನಾನು ಇನ್ನೂ ಸಿಮೆಂಟಿನ ಧೂಳು ಯಾಕೆ ಕುಡಿಯುತ್ತಿದ್ದೆ ಎಂದು ನಾನೂ ತಿರುಗಿ ಕೇಳುತ್ತೇನೆ. ಹಿಂದೊಮ್ಮೆ ಸೇಡಂನ ಒಬ್ಬ ಮನುಷ್ಯ ನಿಧಿಯ ಆಸೆಗೆ ಈ ಯಂತ್ರ ತರಿಸಿಕೊಂಡು, ಹಳೆಯ ಗೋಡೆಗಳ ಸುತ್ತ ತಿರುಗಿ, ಎತ್ತಿನ ಲಾಳ ಮತ್ತು ಮೊಳೆ ಬಿಟ್ಟು ಬೇರೇನೂ ಕಾಣದೆ ಬೇಸತ್ತು ನನಗೆ ಮಾರಿದ. ಕೆಟ್ಟಿತ್ತು, ನಾನೇ ರಿಪೇರಿ ಮಾಡಿಕೊಂಡೆ. ಅಶೋಕನ ಶಾಸನ ಸಿಕ್ಕ ಸನ್ನತಿ ಕಡೆ ಹೋಗಬೇಡ, ಒಳಗೆ ಹಾಕುತ್ತಾರೆ ಎಂದು ಜೊತೆಗೆ ಕೆಲಸ ಮಾಡುವವರು ಇವತ್ತಿಗೂ ಚೇಷ್ಟೆ ಮಾಡುತ್ತಾರೆ. ಅಗೆದು ಇತಿಹಾಸ ಹಾಳು ಮಾಡುವ ದರ್ದು ನನಗಿಲ್ಲ. ರೈತರ ಹೊಲದಲ್ಲಿ ಕಳೆದ ನೇಗಿಲ ಕುಡ, ಕೀಲು, ಬೀಗದ ಕೈ ಹುಡುಕಿಕೊಡುತ್ತೇನೆ, ಅಷ್ಟೇ.

ಹೆಣ್ಣಾಗಿ ಐಟಿಐ ಮಾಡಿದೆ, ಕಾರ್ಖಾನೆ ಸೇರಿದೆ, ಮದುವೆ ಬೇಡವೆಂದೆ. ಇಷ್ಟು ಸಾಕಲ್ಲ ಊರಿಗೆ ಆಡಿಕೊಳ್ಳಲು! ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಕಲ್ಲು ಸಾಗುವ ಬೆಲ್ಟಿನದು. ಗಣಿಯಿಂದ ಬರುವ ಕಲ್ಲಿನಲ್ಲಿ ಜೆಸಿಬಿಯ ಮುರಿದ ಹಲ್ಲೋ ಬೋಲ್ಟೋ ಸೇರಿದ್ದರೆ ಕ್ರಷರ್ ಹಾಳಾಗುತ್ತದೆ. ಅದನ್ನು ಮೊದಲೇ ಹಿಡಿಯಲು ಬೆಲ್ಟಿನ ಮೇಲೊಂದು ಲೋಹಪತ್ತೆ ಚೌಕಟ್ಟು ಇರುತ್ತದೆ. ರಾವೂರ ಕಡೆಯ ಸುಣ್ಣದ ಕಲ್ಲಿಗೆ ಅದು ತುಟಿ ಬಿಚ್ಚುವುದಿಲ್ಲ. ಚಿಂಚೋಳಿ ಕಡೆಯಿಂದ ಲಾರಿಗಳಲ್ಲಿ ಕೆಂಪು ಕಲ್ಲು ಬಂತೆಂದರೆ ಮಾತ್ರ ಗಳಿಗೆಗೊಮ್ಮೆ ಅರಚಿ ಬೆಲ್ಟ್ ನಿಲ್ಲಿಸುತ್ತದೆ. ಆ ಕಲ್ಲಿನ ಮೈತುಂಬ ಕಬ್ಬಿಣದ ಅಂಶ. ಅಲ್ಲಿ ಲೋಹ ಯಾವುದು, ನೆಲ ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಮೊದಲು ಅದಕ್ಕೆ ನೆಲದ ಸದ್ದನ್ನು ಕಲಿಸಿ, ಇದನ್ನು ಬಿಟ್ಟು ಬೇರೇನಾದರೂ ಇದ್ದರೆ ಮಾತ್ರ ಹೇಳು ಎನ್ನಬೇಕು. ಎಷ್ಟೋ ಪಾಳಿ ಆ ಬೆಲ್ಟಿನ ಪಕ್ಕ ನಿಂತು ಅದನ್ನೇ ಮಾಡಿದ್ದೇನೆ.

ನನ್ನ ತಂಗಿಯನ್ನು ಆ ಕೆಂಪು ನೆಲದ ಸೀಮೆಗೇ ಕೊಟ್ಟಿದ್ದೇವೆ. ಚಿಂಚೋಳಿ ತಾಲ್ಲೂಕಿನ ಹಳ್ಳಿ. ಗಂಡ ಒಳ್ಳೆಯವನು, ಆದರೆ ತಾಯಿಯ ಮುಂದೆ ಬಾಯಿಗೆ ಬೀಗ. ಮೊಮ್ಮಗ ಹುಟ್ಟಿದಾಗ ಅತ್ತೆ ತಮ್ಮ ಬೆರಳಿನ ಬಂಗಾರದ ಉಂಗುರ ತೆಗೆದು ಸೊಸೆಗೆ ಹಾಕಿದ್ದರು. ಅತ್ತೆಯದು ದಪ್ಪ ಕೈ, ತಂಗಿಯದು ಕಡ್ಡಿಯಂಥ ಬೆರಳು. ಜಾರದಿರಲೆಂದು ಅವಳು ಉಂಗುರದ ಅಡಿಗೆ ದಾರ ಸುತ್ತಿ ಹಾಕಿಕೊಳ್ಳುತ್ತಿದ್ದಳು.

ಈ ಸಲದ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎಲ್ಲರಂತೆ ಅವರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಕಾಳು, ತರಕಾರಿ ಬೆರೆಸಿ ಕುದಿಸಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ. ಹಿಂದಿನ ದಿನ ಹಿಟ್ಟು ನಾದುವಾಗ ಮೆತ್ತಿಕೊಂಡ ದಾರವನ್ನು ತಂಗಿ ಬಿಚ್ಚಿ ಬಿಸಾಕಿದ್ದಳು, ಹೊಸದು ಸುತ್ತಲು ಪುರುಸೊತ್ತಾಗಲಿಲ್ಲ. ಪೂಜೆ ಮುಗಿದ ಮೇಲೆ ಚರಗ ಚೆಲ್ಲುವುದು ಆ ಮನೆಯಲ್ಲಿ ಸೊಸೆಯ ಕೆಲಸ. ತಂದ ಅಡುಗೆಯನ್ನೆಲ್ಲ ಕಲಸಿ, ಎಡಗೈಯಲ್ಲಿ ಬುಟ್ಟಿ ಹಿಡಿದು, ಬಲಗೈಯಿಂದ ಮುಷ್ಟಿ ಮುಷ್ಟಿಯಾಗಿ ಭೂಮಿತಾಯಿಗೆ ಎಸೆಯುತ್ತ ಹೊಲ ಸುತ್ತಬೇಕು. ಗಂಡ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ ಬರುತ್ತಾನೆ. ಸುತ್ತಿ ಬಂದು ಕೈ ತೊಳೆದಾಗ ಬೆರಳು ಬರಿದಾಗಿತ್ತು.

ನಾಲ್ಕು ದಿನ ಬಿಟ್ಟು ಅವಳ ಫೋನ್ ಬಂತು. ಅತ್ತಿಲ್ಲ, ಕರೆದಿಲ್ಲ. "ಅಕ್ಕಾ, ನೀ ಸ್ಕೂಟಿ ಯಾವಾಗ ತಗೊಂಡಿ ಅಂತ ಕೇಳಾಕತ್ತಾರ," ಎಂದಳು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮೈಯೆಲ್ಲ ಉರಿಯಿತು. ದೀಪಾವಳಿಗೆ ನಾನು ನನ್ನ ಪಗಾರದಲ್ಲಿ ತೆಗೆದುಕೊಂಡ ಗಾಡಿ ಅಲ್ಲಿ ಸಾಕ್ಷಿಯಾಗಿ ನಿಂತಿತ್ತು. ಸೊಸೆ ಉಂಗುರವನ್ನು ತವರಿಗೆ ಸಾಗಿಸಿದಳು, ಅಕ್ಕ ಗಾಡಿ ಏರಿದಳು ಎಂದು ಲೆಕ್ಕ! ದೀಪಾವಳಿ ಮೊದಲು ಬರುತ್ತದೋ ಎಳ್ಳಮಾಸಿ ಮೊದಲು ಬರುತ್ತದೋ ಎಂದು ಕೂಡ ಯಾರೂ ಯೋಚಿಸಿರಲಿಲ್ಲ. ಸೋಮವಾರ ಒದ್ದೆ ಸೀರೆಯಲ್ಲಿ ಹಣಮಂದೇವರ ಗುಡಿಗೆ ಬಂದು, ದೀಪ ಮುಟ್ಟಿ ಆಣೆ ಮಾಡಬೇಕು, ಇಲ್ಲವಾದರೆ ತವರಿನ ದಾರಿ ಹಿಡಿಯಬೇಕು ಎಂದು ಅತ್ತೆ ಹೇಳಿದ್ದರಂತೆ. ಗಂಡ ಕೇಳಿಸಿಕೊಂಡು ಸುಮ್ಮನೆ ಕುಳಿತಿದ್ದನಂತೆ.

ಮಾಡಿಬಿಡು ಆಣೆ, ಸುಳ್ಳೇನಿದೆ ಎಂದೆ. "ಕದ್ದಾಕಿ ಆಣಿ ಮಾಡ್ತಾಳ. ನಾ ಯಾಕ ಮಾಡ್ಲಿ?" ಎಂದಳು. ಹಾಗಾದರೆ ಯಂತ್ರ ತೆಗೆದುಕೊಂಡು ಬರುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. "ಮಷೀನ್ ತರಬ್ಯಾಡ. ಉಂಗುರ ಸಿಕ್ರ ಉಂಗುರಾ ನಂಬ್ತಾರ. ನನ್ನ ಮಾತ ಯಾರ ನಂಬ್ತಾರ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ಸೋಮವಾರದ ನಂತರ ಅವಳು ಮಗುವನ್ನು ಎತ್ತಿಕೊಂಡು ವಾಡಿಯ ಬಸ್ಸು ಹತ್ತುವವಳು, ಆಣೆ ಮಾಡುವವಳಲ್ಲ ಎಂದು ನನಗೆ ಗೊತ್ತಿತ್ತು. ನಮ್ಮಿಬ್ಬರಿಗೂ ಒಂದೇ ತಾಯಿಯ ಹಟ. ರವಿವಾರ ಬೆಳಿಗ್ಗೆ ಯಂತ್ರವನ್ನು ಚೀಲಕ್ಕೆ ಹಾಕಿ ಅದೇ ಸ್ಕೂಟಿಯ ಮೇಲೆ ಹೊರಟೆ. ಬಸ್ಸಿಗೆ ಹೋಗಬಹುದಿತ್ತು. ಬೇಕೆಂದೇ ಸ್ಕೂಟಿಯಲ್ಲಿ ಹೋದೆ, ನೋಡಲಿ ಎಲ್ಲರೂ.

ಚಿತ್ತಾಪುರ, ಕಾಳಗಿ ದಾಟುವ ತನಕ ಎರೆನೆಲ. ಮುಂದೆ ದಿಣ್ಣೆ ಏರಿದ ಹಾಗೆ ಮಣ್ಣು ಕೆಂಪಾಗುತ್ತದೆ. ಅವರ ಹೊಲವಂತೂ ಅಪ್ಪಟ ಕೆಂಪು, ಕಾಲಿಟ್ಟಲ್ಲೆಲ್ಲ ಕಡಲೆ ಗಾತ್ರದ ಕರಿಗೆಂಪು ಹರಳು. ಸೊಂಟದೆತ್ತರದ ತೊಗರಿ ಎಲೆ ಉದುರಿಸಿ, ಕಾಯಿ ಒಣಗಿ ನಿಂತಿತ್ತು. ಆ ವಾರವೇ ಕಟಾವು. ಒಮ್ಮೆ ಟ್ರ್ಯಾಕ್ಟರ್ ತಿರುಗಾಡಿತೆಂದರೆ ಉಂಗುರ ಮಣ್ಣಿನೊಳಗೆ ಹೋದಂತೆಯೇ.

ತಂಗಿ ನನ್ನನ್ನು ನೋಡಿ ಮುಖ ತಿರುಗಿಸಿದಳು, ಆದರೂ ಹಿಂದೆಯೇ ಬಂದಳು. ಅತ್ತೆ, ಗಂಡ ಬಂದರು. ತಮಾಷೆ ನೋಡಲು ಅಕ್ಕಪಕ್ಕದ ಹೊಲದವರೂ ಬಂದು ಬದುವಿನ ಮೇಲೆ ಕುಳಿತರು. ಉಂಗುರ ಎಲ್ಲಿ ಬಿತ್ತು ಎಂದು ಅವಳನ್ನು ಎಲ್ಲರೂ ಕೇಳಿದ್ದರು. ಅವಳು ನಡೆದ ದಾರಿಯನ್ನು ತೋರಿಸಿದ್ದಳು. ಅಲ್ಲಿ ಮಣ್ಣಿನಲ್ಲಿ ಬೆರಳಾಡಿಸಿ, ಪೊರಕೆ ಹಾಕಿ, ಮನೆಯ ಅಂಗಳದಂತೆ ಮಾಡಿಟ್ಟಿದ್ದರು. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಯಂತ್ರ ಚಾಲೂ ಮಾಡಿದ್ದೇ ತಡ, ಕಾಲು ತುಳಿಸಿಕೊಂಡ ಬೆಕ್ಕಿನಂತೆ ಕಿರುಚತೊಡಗಿತು. ಈ ಕಡೆ ಸರಿಸಿದರೂ ಕಿರುಚು, ಆ ಕಡೆ ಸರಿಸಿದರೂ ಕಿರುಚು. ಬದುವಿನ ಮೇಲೆ ನಗೆ ಎದ್ದಿತು. ಊರ ತುಂಬ ಬಂಗಾರ ಐತಲ್ಲ, ಇನ್ನು ನಾವು ತೊಗರಿ ಬಿತ್ತುವುದೇ ಬೇಡ ಎಂದು ಒಬ್ಬ ಅಂದ. ನಗಲಿ ಎಂದು ಬಿಟ್ಟೆ. ಮೊಳೆಯಿದ್ದ ಚಪ್ಪಲಿ, ಕೈಗಡಿಯಾರ ಬಿಚ್ಚಿಟ್ಟೆ. ಮೊಳೆ ಕೂಡ ಇಲ್ಲದ ಒಂದು ತುಣುಕು ನೆಲ ನೋಡಿಕೊಂಡು, ಯಂತ್ರದ ತುದಿಯ ದುಂಡನೆಯ ಬಳೆಯನ್ನು ಅದರ ಮೇಲೆ ಏರಿಸಿ ಇಳಿಸಿ, ಏರಿಸಿ ಇಳಿಸಿ, ಸದ್ದು ಅಡಗುವವರೆಗೆ ಗುಂಡಿ ತಿರುಗಿಸಿದೆ. ಆಮೇಲೆ ಯಂತ್ರದ ಕಿವಿಯ ಚುರುಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಇಂಥ ನೆಲದಲ್ಲಿ ಹೆಚ್ಚು ಕೇಳಲು ಹೋದರೆ ಏನೂ ಕೇಳಿಸುವುದಿಲ್ಲ. ಕಬ್ಬಿಣವನ್ನು ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳುವ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಇಲ್ಲಿ ಕಬ್ಬಿಣದ ಜೊತೆ ಸಣ್ಣ ಬಂಗಾರವನ್ನೂ ಅದು ನುಂಗಿಬಿಡುತ್ತದೆ.

ಹೀಗೆ ಮಾಡಿದ ಮೇಲೆ ಹರಳುಗಳು ಮಾತ್ರ ಅಲ್ಲೊಂದು ಇಲ್ಲೊಂದು ಸುಳ್ಳು ಕೂಗು ಹಾಕತೊಡಗಿದವು. ಬಳೆಯನ್ನು ಸ್ವಲ್ಪ ಎತ್ತಿದರೆ ಅವುಗಳ ಕೂಗು ಸತ್ತುಹೋಗುತ್ತದೆ, ನಿಜವಾದ ಲೋಹದ ಸದ್ದು ಉಳಿಯುತ್ತದೆ. ದಾರಿಯುದ್ದಕ್ಕೂ ಮೆಲ್ಲಗೆ ಬೀಸುತ್ತ ಹೋದೆ. ಒಂದು ಕುಡುಗೋಲಿನ ಚೂರು ಸಿಕ್ಕಿತು, ಬೀಡಿ ಕಟ್ಟಿನ ಬೆಳ್ಳಿ ಕಾಗದ ಸಿಕ್ಕಿತು. ಉಂಗುರ ಇರಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಇರದಿದ್ದದ್ದು ಎಲ್ಲಿಂದ ಸಿಗಬೇಕು ಎಂದರು. ತಂಗಿಯ ಗಂಡ ತನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತಿದ್ದ. ಆ ಹೆಬ್ಬೆರಳಿನಲ್ಲಿ ಏನು ಬರೆದಿತ್ತೋ, ನಾನು ಹೋದಾಗಲೆಲ್ಲ ಅವನು ಅದನ್ನೇ ಓದುತ್ತಿರುತ್ತಾನೆ.

ನೀರು ಕುಡಿಯಲು ನಿಂತಾಗ ತೊಗರಿ ಸಾಲಿನೊಳಗೆ ಇರುವೆಗಳು ಕಂಡವು. ಏನೋ ಬೂದು ಬಣ್ಣದ ತುಣುಕು ಹೊತ್ತು ಸಾಲಾಗಿ ಹೋಗುತ್ತಿದ್ದವು. ಬಗ್ಗಿ ನೋಡಿದರೆ ಒಣಗಿದ ಕಡುಬು. ಚರಗ ಬಿದ್ದದ್ದು ಇಲ್ಲಿ, ಅವಳು ನಡೆದ ದಾರಿಯಿಂದ ಎಷ್ಟೋ ಸಾಲಿನಾಚೆ. ಇಷ್ಟೂ ಜನ ಅವಳ ಕಾಲ ಬುಡದಲ್ಲಿ ಹುಡುಕಿದ್ದರು. ಎಣ್ಣೆ ಮೆತ್ತಿದ ಕೈ, ದಾರವಿಲ್ಲದ ಉಂಗುರ, ಜೋರಾಗಿ ಬೀಸಿದ ತೋಳು. ಅದು ಕಾಲ ಬುಡದಲ್ಲಿ ಯಾಕೆ ಬೀಳುತ್ತದೆ?

ಇಲ್ಲಿ ಯಾಕೆ ನೋಡಲಿಲ್ಲ ಎಂದು ಕೇಳಿದೆ. ಎಲ್ಲರೂ ನನ್ನನ್ನು ಪರದೇಶಿಯಂತೆ ನೋಡಿದರು. ಚೆಲ್ಲಿದ ಚರಗವನ್ನು ಆ ಸೀಮೆಯಲ್ಲಿ ತುಳಿಯುವುದಿಲ್ಲವಂತೆ. ಕೊಟ್ಟ ಮೇಲೆ ಅದು ತಾಯಿಯದು, ಹಕ್ಕಿ ಇರುವೆ ತಿಂದು ಮುಗಿಸಿ, ಕಟಾವಿನ ಪೂಜೆ ಆಗುವ ತನಕ ಮನೆಯವರು ಅತ್ತ ಕಾಲಿಡಬಾರದಂತೆ. ನಾನು ಸಾಲಿನೊಳಗೆ ಹೋಗುತ್ತಿದ್ದಂತೆ ಅತ್ತೆ ಎದ್ದು ನಿಂತರು. "ತಾಯಿಗೆ ಕೊಟ್ಟಿದ್ದು ಕೆದರಬ್ಯಾಡ. ಕೇಡಾಗ್ತದ," ಎಂದರು.

"ಕೇಡು ಆಗ್ಯಾದಲ್ರಿ," ಎಂದೆ. "ನಾಳಿ ಗುಡಿ ಮುಂದ ಇದಕ್ಕಿಂತ ದೊಡ್ಡದು ಆಗ್ತದ." ಹೇಳುತ್ತಲೇ ಒಳಗೆ ನಡೆದೆ. ಬರಿಗಾಲಲ್ಲಿದ್ದೆ. ಭೂಮಿತಾಯಿಗೆ ಬೇಸರವಾಗಿದ್ದರೆ ನನಗೇ ಹೇಳಲಿ, ನನ್ನ ತಂಗಿಗೆ ಬೇಡ.

ಇರುವೆ ಇದ್ದಲ್ಲೆಲ್ಲ ಯಂತ್ರ ಹಿಡಿದೆ. ಹರಳು ಕೂಗಿತು, ಎತ್ತಿದರೆ ಸುಮ್ಮನಾಯಿತು. ಮತ್ತೆ ಹರಳು. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಒಂದು ತೊಗರಿ ಗಿಡದ ಬುಡದಲ್ಲಿ ಬೇರೆಯೇ ತರದ ಸದ್ದು ಬಂತು, ತೆಳ್ಳಗೆ, ಚಿಕ್ಕದಾಗಿ. ಬಳೆ ಎತ್ತಿದೆ, ಸದ್ದು ಉಳಿಯಿತು. ಅಡ್ಡ ಬೀಸಿದೆ, ಉಳಿಯಿತು. ಕುಳಿತು ಉದುರಿದ ಎಲೆ ಸರಿಸಿದರೆ, ಒಣಗಿದ ಭಜ್ಜಿಯ ಹಕ್ಕಳೆಯೊಳಗೆ ಅಂಟಿಕೊಂಡು ಉಂಗುರ ಕೂತಿತ್ತು.

ಬದುವಿನ ಮೇಲೆ ನಗೆ ನಿಂತಿತು. ನಾನು ಉಂಗುರವನ್ನು ತಂಗಿಯ ಅಂಗೈಯಲ್ಲಿ ಇಟ್ಟೆ. ಅತ್ತೆ ಸಾಲಿನ ಅಂಚಿನವರೆಗೆ ಬಂದು, ಸಿಕ್ಕಿತಲ್ಲ, ಇನ್ನು ಆಣೆ ಏನೂ ಬೇಡ, ಮನೆಗೆ ನಡೆಯಿರಿ ಎಂದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವರ ಕಣ್ಣು ದಾರಿಯನ್ನೊಮ್ಮೆ, ಆ ಗಿಡವನ್ನೊಮ್ಮೆ ಅಳೆಯಿತು. ಆಮೇಲೆ ನನ್ನ ಚೀಲದ ಮೇಲೆ ಬಂದು ನಿಂತಿತು.

"ಇಷ್ಟ ದೂರ ಉಂಗುರ ತಾನಾಗೇ ಹೆಂಗ ಬರ್ತದ?"

ನಾನೇ ತಂದು ಹಾಕಿದೆ ಎಂದು! ನನ್ನ ನಾಲಿಗೆ ತುದಿಗೆ ಬಂದ ಮಾತುಗಳನ್ನು ಬರೆಯಲು ಬರುವುದಿಲ್ಲ. ಅಷ್ಟರಲ್ಲಿ ತಂಗಿ ಮುಂದೆ ಬಂದಳು. ಉಂಗುರವನ್ನು ಬೆರಳಿಗೆ ಹಾಕಿಕೊಂಡಳು. ನನ್ನ ಬಾಟಲಿಯ ನೀರನ್ನು ಕೈಮೇಲೆ ಸುರುವಿಕೊಂಡು, ಹಸಿ ಕೈಯಲ್ಲೇ ಒಂದು ಮುಷ್ಟಿ ಕೆಂಪು ಮಣ್ಣು ತೆಗೆದು, ಎಳ್ಳಮಾಸಿಯ ದಿನ ನಡೆದಿದ್ದ ದಾರಿಗೆ ಹೋಗಿ ನಿಂತಳು. ಗಂಡ ಬೇಡ ಎಂದು ಕೈ ಎತ್ತಿದ. ಅವಳು ಚರಗ ಚೆಲ್ಲುವಂತೆಯೇ ತೋಳು ಬೀಸಿ ಎಸೆದಳು. ಮಣ್ಣು ಹತ್ತಿರದಲ್ಲೇ ಉದುರಿತು. ಉಂಗುರ ಬಿಸಿಲಲ್ಲಿ ಒಮ್ಮೆ ಮಿಂಚಿ, ಸಾಲಿನ ಮೇಲೆ ಸಾಲು ದಾಟಿ, ತೊಗರಿಯೊಳಗೆ ಹೋಗಿ ಬಿತ್ತು.

ಬರಿ ಬೆರಳನ್ನು ಅತ್ತೆಗೆ ತೋರಿಸಿದಳು. "ಹೀಂಗ ಬರ್ತದ್ರಿ ಅತ್ತಿ. ಈಗ ನೀವು ಹುಡುಕ್ರಿ."

ನಾನು ರೂಢಿಯಂತೆ ಯಂತ್ರ ಎತ್ತಿಕೊಂಡೆ. ತಂಗಿ ನನ್ನ ಕಡೆ ನೋಡಿ ಬಂದ್ ಮಾಡು ಎಂದಳು. ಬಂದ್ ಮಾಡಿ ಚೀಲಕ್ಕೆ ಹಾಕಿದೆ. ಜೀವನದಲ್ಲಿ ಯಾರ ಮಾತಿಗೂ ಅಷ್ಟು ಸಂತೋಷದಿಂದ ತಲೆಬಾಗಿದ ನೆನಪಿಲ್ಲ.

ಮೊದಲು ಗಂಡ ಒಳಗೆ ಇಳಿದ. ಆಮೇಲೆ ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ತುಳಿಯಬಾರದ ಆ ನೆಲಕ್ಕೆ ಕಾಲಿಟ್ಟು ಮಂಡಿಯೂರಿ ಕುಳಿತರು. ನಾವಿಬ್ಬರೂ ಬದುವಿನ ಮೇಲೆ ಕುಳಿತು ನಾನು ತಂದಿದ್ದ ರೊಟ್ಟಿ ಬಿಚ್ಚಿದೆವು. ತಂಗಿ ಹಸಿದಿದ್ದಳು. ಆ ದಿನಗಳಲ್ಲಿ ಸರಿಯಾಗಿ ಉಂಡಿರಲೇ ಇಲ್ಲ ಎಂದು ಕಾಣುತ್ತದೆ.

ಬಹಳ ಹೊತ್ತಿನ ಮೇಲೆ ಅತ್ತೆ ತಲೆ ಎತ್ತಿದರು. ಕೈಯೆಲ್ಲ ಕೆಂಪಾಗಿತ್ತು. ಯಾವ ಕಡೆ ಹಾರಿತು, ನೀನೇ ಹೇಳು ಎಂದು ಸೊಸೆಯನ್ನು ಕೇಳಿದರು. ತಂಗಿ ರೊಟ್ಟಿ ಹಿಡಿದ ಕೈಯಿಂದಲೇ ದೂರದ ಒಂದು ಸಾಲು ತೋರಿಸಿದಳು. ಅತ್ತೆ ಎದ್ದು ಅತ್ತ ಹೋದರು.