ಕೂಡ್ರಿಸುವ ಕೆಲಸ

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ನೆಂಟರಿಗೆ ಫೋನ್ ಮಾಡುತ್ತಾರೆ. ಬನಹಟ್ಟಿಯ ಶಾಲೆಯಲ್ಲಿ ನಿವೃತ್ತನಾಗುವತನಕ ಗಣಿತ ಕಲಿಸಿದೆ, ಅದು ಯಾರಿಗೂ ನೆನಪಿಲ್ಲ. ಹೆಣ ಕೂಡ್ರಿಸುವ ಮಾಸ್ತರ ಎಂದರೆ ರಬಕವಿಯವರೂ ನನ್ನ ಮನೆ ತೋರಿಸುತ್ತಾರೆ.

ನಮ್ಮ ಮಂದಿಯಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುವುದು ರೂಢಿ. ಮೈ ಬಿಸಿ ಇರುವಾಗಲೇ ಕಾಲು ಮಡಚಿ, ಬೆನ್ನು ಗೋಡೆಗೆ ಆನಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಬೇಕು. ತಡವಾದರೆ ಮೈ ಸೆಟೆಯುತ್ತದೆ. ನನ್ನ ಸೋದರಮಾವ ಹೋದಾಗ ಹಾಗೇ ಆಯಿತು. ಇಬ್ಬರು ಗಟ್ಟಿ ಆಳುಗಳು ಅವರ ಮಂಡಿಯ ಮೇಲೆ ಕೈಯೂರಿ ಒತ್ತಿದರು. ಆ ಸದ್ದು ಕೇಳಲಾರದೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತೆ. ನಮ್ಮ ಓಣಿಯಲ್ಲಿ ಇನ್ನೊಬ್ಬರಿಗೆ ಹಾಗಾಗಬಾರದು ಎಂದುಕೊಂಡೇ ಒಬ್ಬ ಹಿರಿಯರಿಂದ ಈ ಕೆಲಸ ಕಲಿತೆ.

ಇದರಿಂದ ಪುಣ್ಯ ಬರುತ್ತದೆ ಎನ್ನುವವರಿದ್ದಾರೆ. ಸದ್ಯಕ್ಕೆ ಬಂದಿರುವುದು ಸೊಂಟನೋವು. ಊಟದ ತಾಟಿನ ಮುಂದಿನಿಂದ ಎದ್ದು ಹೋಗಿದ್ದೇನೆ, ಜ್ವರದಲ್ಲಿ ಹೋಗಿದ್ದೇನೆ. ಅದೆಲ್ಲ ಇರಲಿ. ನನ್ನನ್ನು ಸುಸ್ತು ಮಾಡಿದ್ದು ಬೇರೆಯೇ. ಕಾಯಿಲೆ ಬಿದ್ದವರ ಮನೆಗೆ ನಾನು ಹೋಗುವ ಹಾಗಿಲ್ಲ. ಒಮ್ಮೆ ಮುಧೋಳದಲ್ಲಿ ಪರಿಚಯದವರೊಬ್ಬರಿಗೆ ಜ್ವರ ಎಂದು ಬಾಳೆಹಣ್ಣು ಹಿಡಿದು ಹೋಗಿದ್ದೆ. ಬಾಗಿಲು ತೆರೆದ ಸೊಸೆ ನನ್ನನ್ನು ಕಂಡು ಬಿಳಿಚಿಕೊಂಡಳು. ಹಣ್ಣನ್ನು ಹೊಸ್ತಿಲಲ್ಲೇ ಇಸಿದುಕೊಂಡಳು. ಅವತ್ತಿನಿಂದ ಬದುಕಿರುವವರನ್ನು ಮಾತಾಡಿಸಲು ಹೋಗುವುದನ್ನೇ ಬಿಟ್ಟೆ.

ಹೋದ ವರ್ಷ ನನ್ನ ಜೀವದ ಗೆಳೆಯ ಹಾಸಿಗೆ ಹಿಡಿದ. ನಮ್ಮದೇ ಓಣಿ, ನಾಲ್ಕು ಮನೆ ಆಚೆ. ಮಗ್ಗ ನಡೆಸಿದವನು, ಶ್ವಾಸಕೋಶ ಕೆಟ್ಟಿತ್ತು. ಮಿರಜಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ನೋಡಬೇಕೆಂದು ಜೀವ ಹಪಹಪಿಸಿತು. ನಾನು ಬರಬಹುದೇ ಎಂದು ಕೇಳಲು ಹೆಂಡತಿಯನ್ನು ಕಳಿಸಿದೆ. ಅವಳು ಮುಖ ಸಪ್ಪೆ ಮಾಡಿಕೊಂಡು ಬಂದಳು.

“ಅವರ ಮನಿಯಾಕಿ ಕೈ ಮುಗದ್ಲರೀ. ಮಾಸ್ತರನ್ನ ಕಳಸಬ್ಯಾಡ್ರಿ, ನೋಡಿದ್ರ ಇವರ ಎದಿ ಒಡೀತೈತಿ ಅಂದ್ಲು.”

ಆಕೆಯ ಅತ್ತೆ-ಮಾವ ಇಬ್ಬರನ್ನೂ ಕೂಡ್ರಿಸಿದ ಕೈ ಇದು. ಸಾಕಪ್ಪಾ ಸಾಕು, ಇನ್ನು ಯಾರು ಸತ್ತರೂ ಏಳುವುದಿಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಮರುದಿನ ಬೆಳಿಗ್ಗೆ ಹಿಂದಿನ ಓಣಿಯ ಮುದುಕರೊಬ್ಬರು ಹೋದರೆಂದು ಕರೆ ಬಂತು. ಗೊಣಗುತ್ತಲೇ ಚಪ್ಪಲಿ ಮೆಟ್ಟಿದೆ.

ಕೆಲಸ ಮುಗಿಸಿ ಬರುವಾಗ ಗೆಳೆಯನ ಮನೆಯ ಮುಂದೆಯೇ ಹಾಯಬೇಕಿತ್ತು. ತಲೆ ತಗ್ಗಿಸಿ ಬಿರಬಿರನೆ ನಡೆದೆ. ಗಾಳಿಗೆಂದು ಅವನ ಮಂಚವನ್ನು ಬಾಗಿಲ ಹತ್ತಿರ ಹಾಕಿದ್ದರು. ಅವನೇ ಕರೆದ.

“ಸತ್ತ ಮ್ಯಾಲಷ್ಟ ಬರಾಂವೇನಲೇ ನೀ?”

ಹೆಣ ಮುಟ್ಟಿದ್ದೇನೆ, ಜಳಕ ಆಗಿಲ್ಲ ಎಂದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನಾನು ಅಂಗಳದಲ್ಲಿ ಕಳ್ಳನ ಹಾಗೆ ನಿಂತೆ. ಅವನು ಉಸಿರು ಕೂಡಿಸಿಕೊಂಡು ಎಡಗಾಲು ತೋರಿಸಿದ. ಹಿಂದೆ ಜಮಖಂಡಿ ರಸ್ತೆಯಲ್ಲಿ ಬೈಕನ್ನು ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿ ಮುರಿದುಕೊಂಡ ಕಾಲು. ಆಮೇಲೆ ಅದು ಮಡಚಲೇ ಇಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದವನನ್ನು ಬಂದ ಬಂದ ದೇಸಾಯಿ ಎಂದು ಕಾಡುತ್ತಿದ್ದೆ.

“ಈ ಕಾಲಿಂದು ನಿನಗ ಗೊತ್ತೈತಿ. ನಾ ಹ್ವಾದ ಮ್ಯಾಲ ಮಂದಿ ಒತ್ತತಾರ. ಒತ್ತಗೊಡಬ್ಯಾಡ.”

ಆಗಲಿ ಎಂದೆ. ಮೂರು ವಾರದಿಂದ ಇದೊಂದೇ ಚಿಂತೆಯಲ್ಲಿ ಮಲಗಿದ್ದನಂತೆ, ಹೆಂಡತಿಗೂ ಹೇಳಿರಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಹೋಗು ಎನ್ನುವ ಸೂಚನೆ ಇರಬೇಕು ಎಂದುಕೊಂಡೆ. ತಿರುಗಿ ಬಂದಾಗ ಕೈಯಲ್ಲಿ ಅವನ ಧೋತರ, ಟವೆಲ್ ಇದ್ದವು.

“ನೀರ ಕಾದಾವ್ರಿ ಮಾಸ್ತರ. ಇಲ್ಲೇ ಜಳಕ ಮಾಡಿ ಒಳಗ ಬರ್ರಿ.”

ಅವತ್ತಿನಿಂದ ದಿನಾ ಸಂಜೆ ಹೋದೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಉಪಯೋಗವಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶಾಲೆ ತಪ್ಪಿಸಿ ಕಾಲುವೆಯಲ್ಲಿ ಈಜಿದ್ದನ್ನು ನೆನೆದು ನಗುತ್ತಿದ್ದ, ನಕ್ಕರೆ ಕೆಮ್ಮು ಬರುತ್ತಿತ್ತು. ಸಾಯುವ ಮುಂಚೆ ನನ್ನ ಕೈ ಮುಟ್ಟಿಸಿಕೊಂಡವನು ಅವನೊಬ್ಬನೇ.

ಒಂದು ಮಧ್ಯಾಹ್ನ ಅವನ ಹೆಂಡತಿಯೇ ಬಂದು ಕರೆದರು. ಹೋಗಿ ಬಲಗಾಲು ಮಡಚಿದೆ. ಎಡಗಾಲನ್ನು ನೀಳವಾಗಿ ಚಾಚಿ, ಮಂಡಿಯ ಕೆಳಗೆ ಅವನ ತಲೆದಿಂಬು ಇಟ್ಟೆ. ಹೀಗೆ ಕೂಡ್ರಿಸಿದರೆ ಶಾಸ್ತ್ರಕ್ಕೆ ಸರಿಬರುವುದಿಲ್ಲ ಎಂದು ನೆಂಟರು ತಕರಾರು ತೆಗೆದರು. ಮಣ್ಣು ಮಾಡುವ ಕುಣಿಯನ್ನು ಒಂದು ಮಗ್ಗುಲಿಗೆ ಉದ್ದ ತೆಗೆಸಿ ಎಂದೆ. ಒಬ್ಬರು ಮಾತು ಕೇಳದೆ ಬಗ್ಗಿ ಮಂಡಿಯ ಮೇಲೆ ಕೈಯೂರಿದರು. ನಾನು ಏಳುವುದರೊಳಗೆ ಅವನ ಹೆಂಡತಿ ಆ ಕೈ ಹಿಡಿದಿದ್ದರು.

“ಮಾಸ್ತರ ಹೇಳಿದಂಗ ಆಗಲಿ” ಎಂದರು.