ಅವಿರೋಧ ಆಯ್ಕೆ

ನನ್ನ ಮಗಳು ರಗ್ಬಿ ಆಡುತ್ತಾಳೆ ಎಂದು ಆಫೀಸಿನ ಫಿಕಾ ಮೇಜಿನಲ್ಲಿ, ಅಂದರೆ ಸ್ವೀಡಿಷರು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಆಚರಿಸುವ ಕಾಫಿ ವಿರಾಮದಲ್ಲಿ, ಯಾವಾಗ ಹೇಳಿದರೂ ಎದುರಿಗಿದ್ದವರು ಕೈಯಲ್ಲಿನ ಬನ್ನನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದಾ?" ಅದಲ್ಲ, ಅದು ಅಮೆರಿಕದವರದು. ಇದರಲ್ಲಿ ಆಡುವವರಿಗೆ ಹೆಲ್ಮೆಟ್ಟಿಲ್ಲ, ಹೆತ್ತವರಿಗೆ ನೆಮ್ಮದಿಯಿಲ್ಲ. 'ರಗಳೆ'ಯ ಮೊದಲಕ್ಷರವನ್ನೇ ಹೊತ್ತುಕೊಂಡು ಹುಟ್ಟಿದ ಈ ಹೆಸರಿನ ಆಟವನ್ನು ಐಸ್ ಹಾಕಿಯ ಈ ದೇಶದಲ್ಲಿ ನನ್ನ ಮಗಳೇ ಏಕೆ ಹುಡುಕಿ ಹಿಡಿದಳೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

ನಾವಿರುವುದು ಶೋವ್ಡೆಯಲ್ಲಿ. ಕಾರಿನ ಎಂಜಿನ್ ತಯಾರಾಗುವ ಊರು. ಆ ಎಂಜಿನ್ನಿಗೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು. ಇಳಾ ಇಲ್ಲಿಯೇ ಬೆಳೆದವಳು, ಈಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರಿಸುತ್ತಾಳೆ. ತೀರಾ ನೊಂದಾಗ ಮಾತ್ರ ಕನ್ನಡ ತಾನಾಗಿ ಹೊರಬರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಅವಳ ಭುಜದ ಮೂಳೆ ಮುರಿದಿತ್ತು. ಆ ಆಟ ಬಿಟ್ಟುಬಿಡಲಿ ಎಂದು ನನ್ನ ಹೆಂಡತಿ ವಸುಧಾ ನಮ್ಮೂರು ಹರಿಹರದ ಕಡೆ ಮುಖಮಾಡಿ ಹನುಮಪ್ಪನಿಗೆ ಹರಕೆ ಹೊತ್ತಳು. ಅವನೋ ಗರಡಿಮನೆಯ ದೇವರು. ಮೂಳೆ ಕೂಡಿದ ಮೇಲೆ ಮಗಳು ಮೊದಲಿಗಿಂತ ಜೋರಾಗಿ ಓಡಿದಳು.

ಓಡಿದ್ದನ್ನು ಕಂಡವರು ಗುನಿಲ್ಲಾ. ಆಗ ಅವರು ದೇಶದ ಮಹಿಳಾ ತಂಡದ ಕೋಚ್; ಮಾತು ಕಡಿಮೆ, ಕೂದಲು ಬೆಳ್ಳಗೆ, ದನಿ ಮಾತ್ರ ಮೈದಾನದ ಆಚೆ ತುದಿಯವರೆಗೆ. ಹುಡುಗಿಯರನ್ನು ತಮ್ಮ ವ್ಯಾನಿನಲ್ಲೇ ಊರೂರಿಗೆ ಕರೆದೊಯ್ದು ಆಡಿಸುತ್ತಿದ್ದ ಅವರು, ಇಳಾಳನ್ನು ಅಂಚಿನಲ್ಲಿ ಓಡುವ ವಿಂಗರ್ ಸ್ಥಾನಕ್ಕೆ ಪಳಗಿಸಿ, ಮುಂದಿನ ಶರತ್ಕಾಲಕ್ಕೆ ತಂಡಕ್ಕೆ ಕರೆಯುತ್ತೇನೆ ಎಂದಿದ್ದರು.

ಅಷ್ಟರಲ್ಲಿ ಕೋಚ್ ಬದಲಾದರು. ತಂಡಕ್ಕೆ ಹೊಸ ದಿಕ್ಕು ಬೇಕಂತೆ. ವೇಲ್ಸ್‌ನಿಂದ ಹೊಸಬರೊಬ್ಬರು ಬರುತ್ತಾರೆ, ಎಲ್ಲರೂ ಮೊದಲಿಂದ ಆಯ್ಕೆ ಶಿಬಿರಕ್ಕೆ ಬರಬೇಕು ಎಂಬ ಸುದ್ದಿ ಇಳಾಳಿಗೆ ತಿಂಡಿಯ ಹೊತ್ತಿನಲ್ಲಿ ಫೋನಿಗೆ ಬಂತು. ಅವಳು ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಮಗಳು ಆಟ ಬಿಡಲೆಂದು ವರ್ಷಗಟ್ಟಲೆ ಹಾರೈಸಿದ್ದ ನಾನು ಅಂದು ಆಫೀಸಿನ ಕಾರಿಡಾರಿನಲ್ಲಿ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಕಳವಳಕ್ಕೆ ಇನ್ನೊಂದು ಕಾರಣವೂ ಇತ್ತು: ಶೋವ್ಡೆಯ ಕ್ಲಬ್ಬೇ ದಿನದಿನಕ್ಕೆ ಕರಗುತ್ತಿತ್ತು. ಒಬ್ಬಳು ಪಾಡೆಲ್ ಎಂಬ ಹೊಸ ರಾಕೆಟ್ ಆಟಕ್ಕೆ ಹೋದಳು, ಇನ್ನೊಬ್ಬಳು ಜಿಮ್ಮಿಗೆ, ಮತ್ತೊಬ್ಬಳು ಪ್ರೇಮಕ್ಕೆ. ಒಂದು ಸಂಜೆ ನಾನು ಇಳಾಳನ್ನು ಕರೆತರಲು ಹೋದಾಗ ಮೈದಾನದಲ್ಲಿ ಗೋಲಿನ ಕಂಬಗಳು ನಾಲ್ಕಿದ್ದವು, ಹುಡುಗಿಯರು ಐವರಿದ್ದರು. ಆ ಕಂಬಗಳಲ್ಲೊಂದು ನಡೆದು ಬಂದು ಪಾಸ್ ಕೇಳಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ.

ಶಿಬಿರ ನಡೆದದ್ದು ಗೋಥೆನ್‌ಬರ್ಗಿನಲ್ಲಿ. ನಾನೇ ಕಾರಿನಲ್ಲಿ ಕರೆದೊಯ್ದೆ. ಹೊಸ ಕೋಚ್ ಸಜ್ಜನರು. ಸಾಲಾಗಿ ನಿಂತ ಹುಡುಗಿಯರನ್ನು ಅವರು ಒಮ್ಮೆ ಎಣಿಸಿದರು, ಇನ್ನೂ ಯಾರಾದರೂ ಬರುವವರಿದ್ದಾರೋ ಎಂಬಂತೆ ಗೇಟಿನ ಕಡೆ ನೋಡಿದರು, ಮತ್ತೆ ಎಣಿಸಿದರು. ಸಂಜೆಯವರೆಗೆ ಓಡಿಸಿ, ಬೀಳಿಸಿ, ಏಳಿಸಿ, ಕೊನೆಗೆ ಹೇಳಿದರು: "ಬಂದವರೆಲ್ಲ ತಂಡದಲ್ಲಿದ್ದೀರಿ. ನನಗೆ ಬೇರೆ ದಾರಿಯಿಲ್ಲ."

ನಾನು ಚಪ್ಪಾಳೆ ತಟ್ಟಿದೆ, ತಟ್ಟಿದವನು ನಾನೊಬ್ಬನೇ. ಮನೆಯ ದಾರಿಯಲ್ಲಿ ಮಗಳು ಕಾರಿನ ಕಿಟಕಿ ಇಳಿಸಿದಳು, ಏರಿಸಿದಳು. ಆಮೇಲೆ ಅಚ್ಚ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ಯಾರನ್ನ ಬಿಟ್ಟು ನನ್ನನ್ನ ಆರಿಸಿದ್ರು, ಹೇಳು?"

ಆ ನೋವು ನನಗೆ ಅಪರಿಚಿತವಲ್ಲ. ಓದುಗರೇ, ನಿಮ್ಮಲ್ಲಿ ಯಾರಾದರೂ ಪರದೇಶದ ಪುಟ್ಟ ಊರಿನ ಕನ್ನಡ ಬಳಗದಲ್ಲಿದ್ದರೆ ಬಲ್ಲಿರಿ: ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ಸ್ಥಾನದ ಪ್ರಸ್ತಾಪ ಬಂದೊಡನೆ ಎಲ್ಲರ ದೃಷ್ಟಿಯೂ ಬಿಸಿಬೇಳೆಬಾತಿನಲ್ಲಿ ಲೀನವಾಗುತ್ತದೆ; ತಲೆಯೆತ್ತಿದವನೇ ಅಧ್ಯಕ್ಷ. ನಾನು ಹಾಗೆ ಸತತವಾಗಿ ತಲೆಯೆತ್ತಿದವನು. "ಅವಿರೋಧ ಆಯ್ಕೆ" ಎಂದು ಕೊರಳಿಗೆ ಹಾರ ಹಾಕುವಾಗಲೆಲ್ಲ, ವಿರೋಧಿಸುವಷ್ಟು ಆಸೆಯುಳ್ಳವನು ಒಬ್ಬನಾದರೂ ಇದ್ದಿದ್ದರೆ ಎಂದು ಮನಸ್ಸು ಹಲುಬುತ್ತದೆ. ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. "ಹಸಿವಾಗಿದ್ಯಾ?" ಎಂದಷ್ಟೇ ಕೇಳಿದೆ, ಅಪ್ಪಂದಿರ ತತ್ತ್ವಜ್ಞಾನವೆಲ್ಲ ಕಡೆಗೆ ಬಂದು ನಿಲ್ಲುವುದು ಆ ಒಂದು ವಾಕ್ಯದಲ್ಲೇ.

ಇಳಾ ಆ ವಾರವಿಡೀ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ತಂಡಕ್ಕೆ ಒಪ್ಪಿಗೆ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೊನೆಗೆ ಬಸ್ಸು ಹತ್ತಿ, ಸರೋವರದ ದಂಡೆಯಲ್ಲಿ ಒಂಟಿಯಾಗಿರುವ ಗುನಿಲ್ಲಾರ ಮನೆಗೆ ಹೋದಳು. ಹುದ್ದೆ ಕಳೆದುಕೊಂಡವರು ಸೇಬಿನ ಮರದ ಕೊಂಬೆ ಕತ್ತರಿಸುತ್ತಿದ್ದರಂತೆ. ಇವಳು ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟಾಗ, ಏಣಿಯಿಂದ ಇಳಿಯದೆಯೇ ಹೇಳಿದರಂತೆ: "ನಿನ್ನನ್ನ ಬಿಟ್ಟು ಆರಿಸೋಕೆ ಒಬ್ಬಳು ಬೇಕು. ಹೋಗಿ ಹುಡುಕು. ಸಿಕ್ಕಿದರೆ ನನಗೂ ಹೇಳು, ನಾನೂ ಬರ್ತೀನಿ."

ಮರುದಿನವೇ ಅವಳು ತಂಡಕ್ಕೆ ಒಪ್ಪಿಗೆ ತಿಳಿಸಿದಳು. ಆ ಋತುವಿನಲ್ಲಿ ಆಡಿ, ಹೆಚ್ಚಾಗಿ ಸೋತಳು. ನಡುವೆ ಊರಿನ ಶಾಲೆಗಳಿಗೆಲ್ಲ ಹೋಗಿ, ವ್ಯಾಯಾಮದ ಪಿರಿಯಡ್ಡಿನಲ್ಲಿ ಆ ಮೊಟ್ಟೆಯಾಕಾರದ ಚೆಂಡನ್ನು ಹುಡುಗಿಯರ ಕೈಗೆ ಕೊಟ್ಟು ಬಂದಳು. ಹೆಚ್ಚಿನವರು ನಕ್ಕು ಹಿಂದಿರುಗಿಸಿದರು. ಕೆಲವರು ಬಂದು ಕೆಸರಿಗೆ ಬೇಸತ್ತು ಹೋದರು. ಉಳಿದವರಲ್ಲಿ ಹೊದಾನ್ ಒಬ್ಬಳು. ಸೊಮಾಲಿಯಾದಿಂದ ಬಂದ ಮನೆಯವರ ಮಗಳು. ಅವಳ ತಾಯಿ ಮೊದಲ ದಿನ ನನ್ನ ಪಕ್ಕದಲ್ಲಿ ನಿಂತು, "ಮೂಳೆ ಮುರಿಯುತ್ತಾ?" ಎಂದು ಕೇಳಿದಾಗ ನಾನು ಹನುಮಪ್ಪನನ್ನು ನೆನೆದು, "ಕೂಡುತ್ತೆ" ಎಂದೆ. ಹೊದಾನ್ ಓಡಿದಳೆಂದರೆ ಗಾಳಿಯೇ ಬದಿಗೆ ಸರಿದು ದಾರಿ ಬಿಡಬೇಕು. ಚೆಂಡು ಹಿಡಿಯುವುದನ್ನೂ, ಬೀಳುವುದನ್ನೂ ಅವಳಿಗೆ ಇಳಾಳೇ ಕಲಿಸಿದಳು. ಮಾತು ಕೊಟ್ಟಂತೆ ಗುನಿಲ್ಲಾ ಬಂದು ಇಬ್ಬರನ್ನೂ ಸಮನಾಗಿ ಬೈದರು. ಒಂದೇ ವಿಂಗರ್ ಸ್ಥಾನಕ್ಕೆ ಆಡುವ ಇವರಿಬ್ಬರೂ ಒಬ್ಬರನ್ನೊಬ್ಬರು ಬೀಳಿಸುವ ರಭಸ ಕಂಡು ವಸುಧಾ ಕಾರಿನೊಳಗೇ ಕೂರುವುದನ್ನು ರೂಢಿ ಮಾಡಿಕೊಂಡಳು.

ಮುಂದಿನ ಶರತ್ಕಾಲದ ಶಿಬಿರಕ್ಕೆ ಅವರಿಬ್ಬರೂ ಗುನಿಲ್ಲಾರ ವ್ಯಾನಿನಲ್ಲಿ ಹೋದರು. ಈ ಸಲ ಬೇರೆ ಬೇರೆ ಊರುಗಳಿಂದಲೂ ಹೊಸಬರು ಬಂದಿದ್ದರಂತೆ. ನಾನು ಮನೆಯಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಅಲೆಯುತ್ತಿದ್ದೆ. ಸಂಜೆಗೆ ಫೋನು ಬಂತು.

"ಅಪ್ಪಾ," ಎಂದಳು ಇಳಾ, ಕನ್ನಡದಲ್ಲಿ. "ಹೊದಾನ್‌ನ ತಗೊಂಡ್ರು. ನನ್ನನ್ನ ಬಿಟ್ರು."

ನಾನು ಸಮಾಧಾನ ಹೇಳಲೋ, ಅಭಿನಂದನೆ ಹೇಳಲೋ ತಿಳಿಯದೆ ಫೋನು ಹಿಡಿದು ನಿಂತೆ. ಅವಳು ಅಳುತ್ತಿದ್ದಳು, ಅದರಲ್ಲಿ ಸಂಶಯವಿಲ್ಲ. ಅಳುವಿನ ನಡುವೆ ಇನ್ನೇನನ್ನೋ ಹೇಳಿ ಫೋನಿಟ್ಟಳು.

"ಏನಂತೆ?" ಎಂದು ವಸುಧಾ ಒಳಗಿನಿಂದ ಬಂದಳು.

"ಬಿಟ್ರಂತೆ."

"ಅಯ್ಯೋ ಪಾಪ, ಅಳ್ತಿದಾಳಾ?"

"ಹ್ಞೂಂ," ಎಂದೆ. "ನಾಳೆ ಬೆಳಿಗ್ಗೆ ಬೇಗ ಎಬ್ಬಿಸಬೇಕಂತೆ. ಪ್ರಾಕ್ಟೀಸ್ ಇದೆಯಂತೆ."